ಅಂಗಡಿಯಿಲ್ಲದೆ ಸೀರೆ ವ್ಯಾಪಾರ: ವಾಟ್ಸ್‌ಆ್ಯಪ್ ಬಿಸಿನೆಸ್ ಬಳಸಿದವಳ ವಿಮರ್ಶೆ

ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ, ಅಂದರೆ ಸಣ್ಣ ವ್ಯಾಪಾರಿಗಳಿಗಾಗಿ ಇರುವ ವಾಟ್ಸ್‌ಆ್ಯಪ್‌ಗೆ, ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೇನೆ. ಬಿಟ್ಟಿ ಸಿಗುವ ಆ್ಯಪ್‌ಗೆ ಒಂದು ಅಂಕ ಕಡಿತ ಮಾಡುವುದು ಜಿಪುಣತನ ಎಂದು ನನ್ನ ತಂಗಿಯೇ ಹೇಳಿದಳು. ಅದು ಬಿಟ್ಟಿ ಎಂದು ನಂಬಿದವರು ಒಮ್ಮೆ ಸಂಜೆ ಏಳರಿಂದ ರಾತ್ರಿ ಊಟದ ಹೊತ್ತು ಮೀರುವ ತನಕ ಮೊಬೈಲ್ ಹಿಡಿದು ಕುಳಿತು, "ಇದರ ಸೆರಗು ತೋರಿಸಿ", "ಇದೇ ಬಣ್ಣದಲ್ಲಿ ಅಂಚು ಬೇರೆ ಇದೆಯಾ" ಎಂಬ ಪ್ರಶ್ನೆಗಳಿಗೆ ಉತ್ತರಿಸಿ ನೋಡಲಿ.

ಉಡುಪಿಯ ಕುಂಜಿಬೆಟ್ಟಿನ ಮನೆಯಿಂದ ನಾನು ಕೈಮಗ್ಗದ ಉಡುಪಿ ಸೀರೆ ಮಾರುತ್ತೇನೆ. ಬ್ಯಾಂಕಿನ ಸಾಲ ಇಲ್ಲ, ಹಣ ಹೂಡಿದವರು ಯಾರೂ ಇಲ್ಲ. ಒಂದು ಕಟ್ಟು ಸೀರೆ ಮಾರಿ ಬಂದ ದುಡ್ಡಿನಲ್ಲಿ ಮುಂದಿನ ಕಟ್ಟು ತರುವ ವ್ಯಾಪಾರ. ರಥಬೀದಿಯ ಆಸುಪಾಸಿನಲ್ಲಿ ಒಂದು ಸಣ್ಣ ಕೋಣೆಯ ಮುಂಗಡ ಎಷ್ಟೆಂದು ವಿಚಾರಿಸಿದ ದಿನವೇ ಅಂಗಡಿಯ ಆಸೆ ಬಿಟ್ಟೆ. ವೆಬ್‌ಸೈಟ್ ಮಾಡಿಕೊಡಲು ಕೇಳಿದ ಮೊತ್ತಕ್ಕೆ ಒಳ್ಳೆಯ ಸೀರೆಗಳ ಒಂದು ಕಟ್ಟೇ ಬರುತ್ತಿತ್ತು. ವಾಟ್ಸ್‌ಆ್ಯಪ್ ಬಿಸಿನೆಸ್ 2018ರ ಆರಂಭದಲ್ಲೇ ಬಂದಿತ್ತು. ನಾನು ಅದಕ್ಕೆ ಬಂದದ್ದು ಕೊರೊನಾ ಕಾಲದಲ್ಲಿ, ಮನೆಯಿಂದ ಹೊರಗೆ ಹೋಗುವಂತಿಲ್ಲದಾಗ. ಅಂದಿನಿಂದ ಬೇರೆ ಕೆಲವು ದಾರಿಗಳನ್ನೂ ನೋಡಿದ್ದೇನೆ, ಮತ್ತೆ ಇಲ್ಲಿಗೇ ಬಂದಿದ್ದೇನೆ.

ಏಕೆ ಎಂದು ಹೇಳಬೇಕಾದರೆ ಸೀರೆಯ ಬಗ್ಗೆ ಸ್ವಲ್ಪ ಹೇಳಬೇಕು. ಉಡುಪಿ ಸೀರೆ ಎಂದರೆ ಹತ್ತಿಯ ಹಗುರ ಸೀರೆ, ಕರಾವಳಿಯ ಬೆವರಿಗೆ ಹೇಳಿ ಮಾಡಿಸಿದ್ದು. 2016ರಲ್ಲಿ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ, ಅಂದರೆ ಇದು ಈ ಊರಿನದೇ ವಿಶಿಷ್ಟ ವಸ್ತು ಎಂಬ ಗುರುತು ಸಿಕ್ಕಿತು. ಆದರೆ ಮಾನ್ಯತೆ ಸಿಗುವ ಹೊತ್ತಿಗೆ ನೇಯುವ ಕೈಗಳೇ ಬೆರಳೆಣಿಕೆಗೆ ಇಳಿದಿದ್ದವು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟ್‌ನಂಥವರು ಪಟ್ಟು ಹಿಡಿದು ದುಡಿದದ್ದರಿಂದ ಮಗ್ಗದ ಸದ್ದು ನಿಲ್ಲಲಿಲ್ಲ. ಕೈಯಲ್ಲಿ ನೇಯ್ದ ಸೀರೆಯಾದ್ದರಿಂದ ಒಂದೇ ಬಣ್ಣ, ಒಂದೇ ಅಂಚಿನ ಹತ್ತು ಸೀರೆ ಬೇಕೆಂದರೆ ಸಿಗುವುದಿಲ್ಲ. ನನ್ನ ಕಪಾಟಿನಲ್ಲಿ ಇರುವುದೆಲ್ಲ ಒಂಟಿ ಸೀರೆಗಳು. ಕೊಳ್ಳುವವರೂ ಸುಮ್ಮನೆ ಕೊಳ್ಳುವುದಿಲ್ಲ. ನೂಲಿನ ಎಣಿಕೆ (ಹೆಚ್ಚಿದಷ್ಟೂ ನೂಲು ಸಣ್ಣ) 60ರದೋ 80ರದೋ, ರವಿಕೆ ಬಟ್ಟೆ ಇದೆಯೇ, ಬಣ್ಣ ಬಿಡುತ್ತದೆಯೇ, ಗಂಜಿ ಹಾಕಲೇಬೇಕೇ, ನೇಯ್ದವರು ಯಾರು ಎಂದು ಕೇಳುತ್ತಾರೆ. ಕೇಳಬೇಕು ಕೂಡ. ಗುಂಡಿ ಒತ್ತಿದರೆ ಮುಗಿಯುವ ಮಾರಾಟ ತಾಣಗಳಲ್ಲಿ ಈ ಮಾತಿಗೆ ಜಾಗವಿಲ್ಲ. ಇಲ್ಲಿ ಮಾತೇ ವ್ಯಾಪಾರ. ಆ ಮಟ್ಟಿಗೆ ವಾಟ್ಸ್‌ಆ್ಯಪ್‌ಗೆ ಸಾಟಿಯಿಲ್ಲ.

ಮಾತು ಮುಗಿದು ಸರಕು ಮತ್ತು ಲೆಕ್ಕ ಶುರುವಾದ ಕಡೆ ಅದರ ಶಕ್ತಿಯೂ ಮುಗಿಯುತ್ತದೆ. ನಾನು ಕಡಿದ ಅಂಕ ಅದಕ್ಕೇ.

ಕ್ಯಾಟಲಾಗನ್ನೇ ತೆಗೆದುಕೊಳ್ಳಿ. 2019ರ ಕೊನೆಯಲ್ಲಿ ಬಂದ ಈ ಸೌಲಭ್ಯದಲ್ಲಿ 500 ವಸ್ತುಗಳ ತನಕ ಹಾಕಬಹುದು, ಒಂದೊಂದಕ್ಕೆ ಹತ್ತು ಚಿತ್ರ, ಬೆಲೆ, ವಿವರಣೆ. ವಿವರಣೆಯನ್ನು ಕನ್ನಡದಲ್ಲೇ ಬರೆಯುತ್ತೇನೆ, ಯಾರೂ ಬೇಡ ಎನ್ನಲಿಲ್ಲ. ಗ್ರಾಹಕರು ತಮಗೆ ಬೇಕಾದ ಸೀರೆಗಳನ್ನು ಆರಿಸಿ ಒಟ್ಟಿಗೆ ಸಂದೇಶವಾಗಿ ಕಳುಹಿಸಬಹುದು. ನೋಡಲು ಅಂಗಡಿಯ ಕಪಾಟಿನಂತೆಯೇ ಇದೆ. ಆದರೆ ಆ ಕಪಾಟಿನಲ್ಲಿ ಎಷ್ಟು ಸೀರೆ ಉಳಿದಿದೆ ಎಂಬ ಲೆಕ್ಕವನ್ನು ಅದು ಇಡುವುದಿಲ್ಲ. ಮುಂಬೈಯ ಒಬ್ಬರು ಸಾಸಿವೆ ಬಣ್ಣದ ಸೀರೆಗೆ ಹಣ ಕಳುಹಿಸಿದ ಮೇಲೂ, ನಾನೇ ಹೋಗಿ ಅದನ್ನು ಮರೆಮಾಡುವ ತನಕ ಸೀರೆ ಅಲ್ಲೇ ಹಲ್ಲು ಕಿರಿದು ಕುಳಿತಿರುತ್ತದೆ. ಅಷ್ಟರಲ್ಲಿ ಬೆಂಗಳೂರಿನ ಇನ್ನೊಬ್ಬರು ಅದನ್ನೇ ಕೇಳಿರುತ್ತಾರೆ. ನೂರಾರು ಸೋಪು ಮಾರುವವರಿಗೆ ಇದು ದೊಡ್ಡ ಸಂಗತಿಯಲ್ಲ. ಒಂಟಿ ಸೀರೆ ಮಾರುವವಳಿಗೆ ಇದೇ ದಿನದ ತಲೆನೋವು.

ಹಾಗಾಗಿ ಪ್ರತಿ ಸೀರೆಗೂ ಒಂದು ಸಂಖ್ಯೆ ಕೊಟ್ಟಿದ್ದೇನೆ. ಅದೇ ಸಂಖ್ಯೆ ಸೀರೆಗೆ ಕಟ್ಟಿದ ಚೀಟಿಯಲ್ಲಿ, ಕ್ಯಾಟಲಾಗ್‌ನ ಹೆಸರಿನಲ್ಲಿ, ಉದ್ದದ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಯಾರಾದರೂ "ಇದು ಬೇಕು" ಎಂದರೆ ಮೊದಲು ಪುಸ್ತಕ, ಆಮೇಲೆ ಉತ್ತರ. ಈ ಪದ್ಧತಿಯಲ್ಲಿ ಹೊಸತೇನೂ ಇಲ್ಲ, ಜವಳಿ ಅಂಗಡಿಯವರು ತಲೆತಲಾಂತರದಿಂದ ಮಾಡಿದ್ದೇ.

ಲೇಬಲ್‌ಗಳು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂದಿವೆ. ಪ್ರತಿ ಸಂಭಾಷಣೆಗೂ ಬಣ್ಣದ ಪಟ್ಟಿ ಅಂಟಿಸಬಹುದು, ಒಟ್ಟು 20ರ ತನಕ. ಹಣ ಬಾಕಿ, ಹಣ ಬಂದಿದೆ, ಕಳುಹಿಸಿದೆ ಎಂಬ ಮಾಮೂಲಿ ಪಟ್ಟಿಗಳ ಜೊತೆ ನನ್ನದೇ ಒಂದಿದೆ: "ಮಗ್ಗದಲ್ಲಿದೆ". ಹೇಳಿ ನೇಯಿಸುವ ಸೀರೆಗಳಿಗೆ ಇದು. ಮಳೆಗಾಲದಲ್ಲಿ ಗಂಜಿ ಹಾಕಿದ ನೂಲು ಒಣಗುವುದೇ ಇಲ್ಲ, ಆಗ ಈ ಪಟ್ಟಿಯ ಸಾಲು ಉದ್ದವಾಗುತ್ತದೆ. ಕಾಯುತ್ತಿರುವವರಿಗೆ ಒಂದೇ ಸಲಕ್ಕೆ ಕಣ್ಣಾಡಿಸಿ ಸುದ್ದಿ ಕೊಡಲು ಸುಲಭ.

ಸ್ವಾಗತ ಸಂದೇಶದ ಕಥೆ ಬೇರೆ. ಮೊದಲ ಬಾರಿ ಬರೆದವರಿಗೆ ಅದು ತಾನಾಗಿ ಹೋಗುತ್ತದೆ, ಸರಿ. ಆದರೆ 14 ದಿನ ಮಾತಿಲ್ಲದೆ ಇದ್ದವರಿಗೂ ಮತ್ತೆ ಹೋಗುತ್ತದೆ. ಮಣಿಪಾಲದ ಹಿರಿಯ ಗ್ರಾಹಕರೊಬ್ಬರಿದ್ದಾರೆ. ಆರಂಭದಿಂದಲೂ ಕೊಳ್ಳುವವರು, ನನ್ನ ಮಗಳ ಪರೀಕ್ಷೆಯ ಅಂಕವನ್ನೂ ಕೇಳುವವರು. ಪ್ರತಿ ಹಬ್ಬಕ್ಕೆ ಅವರು "ಹೇಗಿದ್ದಿ ಮಗಾ" ಎಂದು ಬರೆದರೆ ಯಂತ್ರ "ನಮ್ಮ ಮಳಿಗೆಗೆ ಸ್ವಾಗತ, ನಿಮ್ಮ ಹೆಸರು ತಿಳಿಸಿ" ಎನ್ನುತ್ತಿತ್ತು. "ಹೆಸರು ಮರೆತೆಯಾ ಮಾರಾಯ್ತಿ?" ಎಂದು ಅವರು ಫೋನ್ ಮಾಡಿದ ಮೇಲೆ ಅದನ್ನು ಮುಚ್ಚಿಬಿಟ್ಟೆ. ನನ್ನ ಮೊಬೈಲ್‌ನಲ್ಲಿ ಸಂಖ್ಯೆ ಉಳಿಸಿಕೊಳ್ಳದವರಿಗೆ ಮಾತ್ರ ಹೋಗುವ ಹಾಗೆ ಆರಿಸಿಕೊಳ್ಳಬಹುದು ಎಂದು ನಂತರ ಕಂಡರೂ ಮತ್ತೆ ತೆರೆಯುವ ಮನಸ್ಸಾಗಲಿಲ್ಲ. ಅದರ ಬದಲು ಸಿದ್ಧ ಉತ್ತರಗಳನ್ನು ಧಾರಾಳವಾಗಿ ಬಳಸುತ್ತೇನೆ. ಒಗೆಯುವ ವಿಧಾನ, ಅಂಚೆ ವೆಚ್ಚ, ಸೀರೆಯ ಉದ್ದ ಇವೆಲ್ಲ ಒಂದು ಓರೆಗೆರೆ (/) ಮತ್ತು ಎರಡು ಅಕ್ಷರ ಒತ್ತಿದರೆ ಬಂದುಬಿಡುತ್ತವೆ.

ಧ್ವನಿ ಸಂದೇಶಗಳ ಬಗ್ಗೆ ಯಾವ ವಿಮರ್ಶೆಯಲ್ಲೂ ಓದಲಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಅದೇ ಮುಖ್ಯ. ಇಲ್ಲಿನ ಗ್ರಾಹಕರು ಟೈಪ್ ಮಾಡುವುದಿಲ್ಲ. ತುಳುವಿನಲ್ಲಿ, ಕೊಂಕಣಿಯಲ್ಲಿ, ಕುಂದಗನ್ನಡದಲ್ಲಿ ಮಾತಾಡಿ ಕಳುಹಿಸುತ್ತಾರೆ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ಬಸ್ಸಿನ ಹಾರ್ನ್. ನನಗೆ ಅದು ಇಷ್ಟ, ಮುಖ ನೋಡಿ ಮಾತಾಡಿದ ಹಾಗೆ. ತೊಂದರೆ ಏನೆಂದರೆ ಧ್ವನಿಯೊಳಗೆ ಹುಡುಕಲು ಆಗುವುದಿಲ್ಲ. ಬ್ರಹ್ಮಾವರದವರು ಹಸಿರು ಅಂಚು ಹೇಳಿದರೋ ಕೆಂಪೋ ಎಂದು ಒಂದು ವಾರದ ನಂತರ ತಿಳಿಯಬೇಕಾದರೆ ಎಲ್ಲವನ್ನೂ ಮತ್ತೆ ಕೇಳಬೇಕು. ಈಗ ಪ್ರತಿ ಧ್ವನಿ ಸಂದೇಶದ ಕೆಳಗೆ ನಾನೇ ಒಂದು ಸಾಲು ಬರೆದು ಕಳುಹಿಸುತ್ತೇನೆ: "ಸಂಖ್ಯೆ ಇಷ್ಟು, ಹಸಿರು ಅಂಚು, ಬೆಲೆ ಇಷ್ಟು, ಸರಿಯೇ?" ಅವರು ಹೂಂ ಎಂದರೆ ಅದೇ ದಾಖಲೆ.

ಚಿತ್ರಗಳ ವಿಷಯದಲ್ಲಿ ಎಚ್ಚರ ಬೇಕು. ಮಾಮೂಲಿಯಾಗಿ ಕಳುಹಿಸಿದರೆ ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಚೌಕುಳಿ ಕಲಸಿಹೋಗುತ್ತದೆ. 2023ರಲ್ಲಿ ಚಿತ್ರವನ್ನು ಹೆಚ್ಚು ಸ್ಪಷ್ಟವಾಗಿ ಕಳುಹಿಸುವ ಎಚ್‌ಡಿ ಆಯ್ಕೆ ಬಂದ ಮೇಲೆ ಪರವಾಗಿಲ್ಲ. ಬಣ್ಣ ಮಾತ್ರ ಯಾವ ಆ್ಯಪ್‌ನ ಕೈಯಲ್ಲೂ ಇಲ್ಲ, ಜುಲೈ ತಿಂಗಳ ಉಡುಪಿಯ ಬೆಳಕಿನಲ್ಲಿ ಗಿಳಿಹಸಿರೂ ಪಾಚಿಯಂತೆ ಕಾಣುತ್ತದೆ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತು) ಮದುವೆ ಮುಂಜಿ ಇಲ್ಲದೆ ಬೇಡಿಕೆಯೂ ಕಡಿಮೆ, ಆದ್ದರಿಂದ ಹೊಸ ಸೀರೆಗಳ ಚಿತ್ರಗಳನ್ನು ಮುಂದಿನ ಸೋಣ ತಿಂಗಳಿಗೆ ಬಿಡುತ್ತೇನೆ.

ಪ್ರಚಾರಕ್ಕೆ ಬ್ರಾಡ್‌ಕಾಸ್ಟ್ ಪಟ್ಟಿ ಇದೆ, ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಬೇರೆ ಬೇರೆಯಾಗಿ ಕಳುಹಿಸುವ ದಾರಿ. ಒಂದು ಪಟ್ಟಿಗೆ 256 ಜನ, ಅದೂ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ವ್ಯಾಪಾರ ಕಲಿಸುವ ವಿಡಿಯೊಗಳಲ್ಲಿ ಇದನ್ನು ದೊಡ್ಡ ಕೊರತೆ ಎಂದು ಹೇಳಿ, ದಾಟಲು ಉಪಾಯಗಳನ್ನು ಮಾರುತ್ತಾರೆ. ನನಗೆ ಇದು ಗುಣವಾಗಿಯೇ ಕಂಡಿದೆ. ನನ್ನ ಸಂಖ್ಯೆ ಉಳಿಸಿಕೊಳ್ಳದವರಿಗೆ ನನ್ನ ಸೀರೆಯ ಸುದ್ದಿ ಏಕೆ? ಕೇಳದವರಿಗೆ ಕಳುಹಿಸುತ್ತಾ ಹೋದರೆ ಅವರು ದೂರು ಕೊಡುತ್ತಾರೆ, ದೂರು ಹೆಚ್ಚಾದರೆ ಖಾತೆಯೇ ಮುಚ್ಚಬಹುದು. ದೊಡ್ಡ ಸಂಸ್ಥೆಗಳಿಗಾಗಿ ಪ್ರತಿ ಸಂದೇಶಕ್ಕೆ ಹಣ ತೆರುವ ಬೇರೆ ವ್ಯವಸ್ಥೆ ಇದೆ. ನಮ್ಮ ಅಳತೆಯವರಿಗೆ ಅದು ಬೇಡ.

ಹಣದ ವಿಷಯಕ್ಕೆ ಬರೋಣ. ಯುಪಿಐ ಇಲ್ಲದಿದ್ದರೆ ನನ್ನ ವ್ಯಾಪಾರವೇ ಇರುತ್ತಿರಲಿಲ್ಲ. ಕ್ಯೂಆರ್ ಚಿತ್ರ ಕಳುಹಿಸುತ್ತೇನೆ, ಹಣ ಬರುತ್ತದೆ. ಆದರೆ ಹಣ ಕಳುಹಿಸಿದ್ದಕ್ಕೆ ಸಾಕ್ಷಿಯಾಗಿ ಬರುವ ಸ್ಕ್ರೀನ್‌ಶಾಟನ್ನು ನಂಬಬೇಡಿ, ಅಂಥ ಚಿತ್ರ ತಯಾರಿಸಿಕೊಡುವ ನಕಲಿ ಆ್ಯಪ್‌ಗಳೇ ಇವೆ. ಬ್ಯಾಂಕ್ ಖಾತೆ ತೆರೆದು ನೋಡಿದ ಮೇಲೆಯೇ ಲೇಬಲ್ ಬದಲಾಯಿಸುವುದು ನನ್ನ ಕ್ರಮ.

2025ರ ಜುಲೈ ಎಲ್ಲರಿಗೂ ನೆನಪಿರಬಹುದು. ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು, ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಕಾಣಿಸಿಕೊಂಡವು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಹಳೆಯ ನಿಯಮವೇ. ಹೊರರಾಜ್ಯಕ್ಕೆ ಸರಕು ಕಳುಹಿಸುವವರಿಗೆ ನಿಯಮ ಇನ್ನೂ ಬಿಗಿ, ಅದನ್ನು ತೆರಿಗೆ ಸಲಹೆಗಾರರ ಬಳಿ ಕೂತು ಕೇಳಿಕೊಳ್ಳುವುದೇ ಒಳ್ಳೆಯದು. ನಾನು ಹೇಳಬೇಕಾದದ್ದು ಇಷ್ಟೇ: ವರ್ಷಕ್ಕೆ ಎಷ್ಟು ಮಾರಿದಿರಿ ಎಂದು ಕೇಳಿದರೆ ಈ ಆ್ಯಪ್ ಉತ್ತರಿಸುವುದಿಲ್ಲ. ಕಳುಹಿಸಿದ ಸಂದೇಶ ಎಷ್ಟು, ಓದಿದ್ದು ಎಷ್ಟು ಎಂದು ಹೇಳುತ್ತದೆ. ಬ್ಯಾಂಕಿನ ಪಟ್ಟಿಯಲ್ಲಿ ತವರಿನಿಂದ ಬಂದ ಹಣವೂ ಸೀರೆಯ ಹಣವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಪುಸ್ತಕ ಇರಲೇಬೇಕು.

ರವಾನೆಗೆ ಈ ಆ್ಯಪ್‌ನಲ್ಲಿ ಏನೂ ಇಲ್ಲ. ಒಂದು ಖಾಸಗಿ ಕೊರಿಯರ್‌ನವರು ಮಳೆಯಲ್ಲಿ ಪೊಟ್ಟಣವನ್ನು ಗೇಟಿನ ಹೊರಗೆ ಎಸೆದು ಹೋದ ಮೇಲೆ ನಾನು ಸ್ಪೀಡ್ ಪೋಸ್ಟ್‌ಗೆ ಬಂದೆ. ಟ್ರ್ಯಾಕಿಂಗ್ ಸಂಖ್ಯೆಯ ರಸೀದಿಯ ಫೋಟೊ ತೆಗೆದು ಅದೇ ಸಂಭಾಷಣೆಗೆ ಹಾಕಿಬಿಡುತ್ತೇನೆ. ಮಳೆಗಾಲದಲ್ಲಿ ಸೀರೆಗೆ ಎರಡು ಪ್ಲಾಸ್ಟಿಕ್ ಹೊದಿಕೆ.

ಒಂದು ಮೊಬೈಲ್ ಜೊತೆಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದು, ಹಾಗಾಗಿ ನವರಾತ್ರಿಯ ಗಡಿಬಿಡಿಯಲ್ಲಿ ತಂಗಿ ಮಂಗಳೂರಿನ ತನ್ನ ಮನೆಯ ಲ್ಯಾಪ್‌ಟಾಪ್‌ನಿಂದ ಉತ್ತರಿಸುತ್ತಾಳೆ. ಯಾವ ಉತ್ತರ ಯಾರದು ಎಂದು ಅಲ್ಲಿ ಕಾಣುವುದಿಲ್ಲ. ಅವಳು ರಿಯಾಯಿತಿ ಕೊಟ್ಟದ್ದು ನನಗೆ ಗ್ರಾಹಕರಿಂದಲೇ ಗೊತ್ತಾಗುತ್ತದೆ. ಇಬ್ಬರು ನಿಭಾಯಿಸಬಹುದು. ಮೂರನೆಯವರು ಬಂದರೆ ಬೇರೆ ವ್ಯವಸ್ಥೆ ಹುಡುಕಬೇಕಾದೀತು.

ಮನೆಯಿಂದ ಕೈಕೆಲಸದ ವಸ್ತು, ಹಪ್ಪಳ ಸಂಡಿಗೆ, ಮಲ್ಲಿಗೆ ಮಾರುವವರಿಗೆ, ಗ್ರಾಹಕರೊಡನೆ ಮಾತಾಡಲು ಬೇಸರಪಡದವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ದಿನಕ್ಕೆ ಹತ್ತಾರು ಪೊಟ್ಟಣ ಕಳುಹಿಸುವವರು, ಒಂದೇ ವಸ್ತುವನ್ನು ರಾಶಿಯಾಗಿ ಮಾರುವವರು ಮೊದಲೇ ವೆಬ್‌ಸೈಟ್‌ಗೆ ಹಣ ತೆಗೆದಿಡಿ.

ಹೊಸದಾಗಿ ಶುರು ಮಾಡುವವರು ಸ್ವಂತ ಸಂಖ್ಯೆಯನ್ನು ಇದಕ್ಕೆ ಕೊಡಬೇಡಿ. ಪ್ರತ್ಯೇಕ ಸಿಮ್ ತೆಗೆದುಕೊಳ್ಳಿ, ಸ್ಥಿರ ದೂರವಾಣಿ ಇದ್ದರೆ ಕರೆಯ ಮೂಲಕ ಅದನ್ನೂ ನೋಂದಾಯಿಸಬಹುದು. ಎರಡು ಹಂತದ ದೃಢೀಕರಣದ ಆರು ಅಂಕಿಯ ಪಿನ್ ಹಾಕಿಕೊಳ್ಳಿ. ಒಟಿಪಿ ಕೇಳಿದವರು ಎಷ್ಟೇ ಪರಿಚಿತರಂತೆ ಮಾತಾಡಿದರೂ ಕೊಡಬೇಡಿ. ನಿಮ್ಮ ಕ್ಯಾಟಲಾಗ್, ಗ್ರಾಹಕರು, ಹಳೆಯ ಮಾತುಕತೆ ಎಲ್ಲವೂ ಆ ಒಂದು ಸಂಖ್ಯೆಗೆ ಕಟ್ಟಿಕೊಂಡಿರುತ್ತವೆ. ರೀಚಾರ್ಜ್ ಮರೆತು ಸಿಮ್ ನಿಷ್ಕ್ರಿಯವಾದರೆ ಕಂಪನಿ ಆ ಸಂಖ್ಯೆಯನ್ನು ಬೇರೆಯವರಿಗೆ ಕೊಡಬಹುದು. ನಾನು ಗ್ರಾಹಕರ ಹೆಸರು, ಸಂಖ್ಯೆ, ವಿಳಾಸಗಳನ್ನು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕದ ಹಿಂಬದಿಗೆ ಕೈಬರಹದಲ್ಲಿ ಇಳಿಸಿಕೊಳ್ಳುತ್ತೇನೆ. ಮಗಳು ನಗುತ್ತಾಳೆ, ನಗಲಿ.