ಗಿಟಾರ್‌ಗೆ ವಾಲ್ಯೂಮ್ ಪೆಡಲ್ ತಗೊಳ್ಳೋ ಮುಂಚೆ 25ಕೆನಾ 250ಕೆನಾ ಅಂತ ನೋಡಿ

ದಾವಣಗೆರೆ ಸುತ್ತಮುತ್ತ ಆರ್ಕೆಸ್ಟ್ರಾ, ಚರ್ಚ್, ಕಾಲೇಜ್ ಬ್ಯಾಂಡ್ ಅಂತ ಎಲೆಕ್ಟ್ರಿಕ್ ಗಿಟಾರ್ ನುಡಿಸೋರು ದಯವಿಟ್ಟು ಇದನ್ನ ಓದಿ. ವಾಲ್ಯೂಮ್ ಪೆಡಲ್ (ಕಾಲಲ್ಲಿ ಒತ್ತಿ ಸೌಂಡ್ ಏರಿಸಿ ಇಳಿಸೋದು) ಕೇಳಿದಾಗ ಅಂಗಡಿಯವರು "ಎಲ್ಲಾ ಒಂದೇ ಅಣ್ಣ, ಗಿಟಾರ್‌ಗೂ ನಡೀತತಿ, ಕೀಬೋರ್ಡ್‌ಗೂ ನಡೀತತಿ" ಅಂದ್ರೆ ದುಡ್ಡು ಕೊಡಬೇಡಿ. ಎಲ್ಲಾ ಒಂದೇ ಅಲ್ಲ. 25ಕೆ, 250ಕೆ ಅಂದ್ರೆ ಪೆಡಲ್ ಒಳಗಿನ ರೆಸಿಸ್ಟೆನ್ಸ್, ಕಿಲೋ ಓಮ್ ಲೆಕ್ಕದಲ್ಲಿ.

ನಮ್ಮೂರಿನ ಒಂದು ಅಂಗಡಿಯಲ್ಲಿ ನನಗೆ ಇದೇ ಮಾತು ಹೇಳಿ ಪೆಡಲ್ ಕೊಟ್ಟರು. ನನ್ನದು ಸಿಂಗಲ್ ಕಾಯಿಲ್ ಗಿಟಾರ್ (ಪಿಕಪ್‌ನಲ್ಲಿ, ಅಂದ್ರೆ ತಂತಿಯ ಅದುರಾಟವನ್ನ ಸಿಗ್ನಲ್ ಮಾಡೋ ಭಾಗದಲ್ಲಿ, ಒಂದೇ ಕಾಯಿಲ್ ಇರೋದು), ಮಧ್ಯದಲ್ಲಿ ಏನೂ ಇಲ್ಲದೆ ನೇರವಾಗಿ ಈ ಪೆಡಲ್‌ಗೇ ಹಾಕ್ತೀನಿ ಅಂತ ಮೊದಲೇ ಬಿಡಿಸಿ ಹೇಳಿದ್ದೆ. ಮನೆಗೆ ತಂದು ಹಾಕಿದರೆ ಸೌಂಡ್ ಪೂರ್ತಿ ಮಂಕು. ಪೆಡಲ್ ಕೊನೆವರೆಗೂ ಒತ್ತಿದರೂ ಟ್ರೆಬಲ್ ಇಲ್ಲ, ಆಂಪ್ ಮೇಲೆ ಕಂಬಳಿ ಹೊದಿಸಿದ ಹಾಗೆ. ಅದೇ ಕೇಬಲ್ ನೇರ ಆಂಪ್‌ಗೆ ಹಾಕಿದರೆ ಟಣ್ ಅಂತ ಬರ್ತಿತ್ತು.

ವಾಪಸ್ ತಗೊಂಡು ಹೋದರೆ "ಪಿಕಪ್ ವೀಕ್ ಆಗಿದೆ" ಅಂದರು. ಗಿಟಾರ್ ಇಟ್ಟುಕೊಂಡು ಪಿಕಪ್ ಬದಲಾಯಿಸಿ ಅದಕ್ಕೂ ದುಡ್ಡು ತಗೊಂಡರು. ಸೌಂಡ್ ಮಾತ್ರ ಹಾಗೇ ಇತ್ತು. ಇದು ನನಗೆ ಈಗಲೂ ಹೊಟ್ಟೆ ಉರಿಸುತ್ತೆ, ಯಾಕಂದ್ರೆ ಚೆನ್ನಾಗಿದ್ದ ಪಿಕಪ್ ಸುಮ್ನೆ ಹೋಯ್ತು.

ಕೊನೆಗೆ ಚಿತ್ರದುರ್ಗದ ನನ್ನ ಗೆಳೆಯರೊಬ್ಬರು, ಕೀಬೋರ್ಡ್ ನುಡಿಸ್ತಾರೆ, ಪೆಡಲ್ ಮಗುಚಿ ಅಡಿಯ ತಗಡಿನ ಸ್ಕ್ರೂ ಬಿಚ್ಚಿದರು. ಒಳಗೆ ರೇಡಿಯೋದಲ್ಲಿ ಇರೋ ಥರದ್ದೇ ಒಂದು ದುಂಡಗಿನ ಪಾಟ್ (ಸೌಂಡ್ ಏರಿಸಿ ಇಳಿಸೋ ಕಂಟ್ರೋಲ್), ಅದರ ಬೆನ್ನ ಮೇಲೆ ಸಣ್ಣಗೆ ಅಚ್ಚು ಹಾಕಿತ್ತು: 25ಕೆ. "ಇದು ನಮ್ಮ ಕೀಬೋರ್ಡ್‌ದು ಮಾರಾಯ" ಅಂದರು. ಅಷ್ಟೇ ವಿಷಯ.

ಬ್ಯಾಟರಿ ಇಲ್ಲದ ಮಾಮೂಲಿ ಪಿಕಪ್‌ನಿಂದ ಬರೋ ಸಿಗ್ನಲ್ ಬಹಳ ನಾಜೂಕು. ಅದಕ್ಕೇ ಗಿಟಾರ್ ಒಳಗಿನ ವಾಲ್ಯೂಮ್ ಪಾಟ್ ಕೂಡ ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250ಕೆ, ಎರಡು ಕಾಯಿಲ್ ಇರೋ ಹಂಬಕರ್ ಪಿಕಪ್‌ಗೆ 500ಕೆ ಇರುತ್ತೆ. ಅದರ ಮುಂದೆ 25ಕೆ ಪೆಡಲ್ ಇಟ್ಟರೆ ಪಿಕಪ್ ಮೇಲೆ ಲೋಡ್ ಜಾಸ್ತಿ ಆಗಿ ಮೊದಲು ಟ್ರೆಬಲ್ ಸಾಯುತ್ತೆ, ಸೌಂಡೂ ಇಳಿಯುತ್ತೆ. ಕೀಬೋರ್ಡ್, ಬ್ಯಾಟರಿ ಇರೋ ಆಕ್ಟಿವ್ ಪಿಕಪ್ ಇವಕ್ಕೆ 25ಕೆ ಸರಿ. ಕಂಪನಿಯವರು ಇದನ್ನ ಮುಚ್ಚಿಟ್ಟಿಲ್ಲ. ಬಾಸ್ (Boss) ಕಂಪನಿಯಲ್ಲಿ ಎಫ್‌ವಿ-500ಎಚ್ ಗಿಟಾರ್‌ಗೆ, ಎಫ್‌ವಿ-500ಎಲ್ ಕೀಬೋರ್ಡ್‌ಗೆ, ನೋಡೋಕೆ ಹೆಚ್ಚುಕಡಿಮೆ ಒಂದೇ ಥರ, ಕೊನೆ ಅಕ್ಷರ ಬೇರೆ. ಅರ್ನಿ ಬಾಲ್ ಕಂಪನಿಯ ವಿಪಿ ಜೂನಿಯರ್ ಕೂಡ 250ಕೆ, 25ಕೆ ಎರಡರಲ್ಲೂ ಬರುತ್ತೆ. ಎಕ್ಸ್‌ಪ್ರೆಶನ್ ಪೆಡಲ್ ಅಂತ ಮೂರನೇದು ಒಂದಿದೆ, ಆಕಾರ ಅದೇ, ಆದರೆ ಅದು ಎಫೆಕ್ಟ್ಸ್ ಪ್ರೊಸೆಸರ್‌ಗೆ ಕಂಟ್ರೋಲ್ ಸಿಗ್ನಲ್ ಕೊಡೋಕೆ ಮಾತ್ರ. ಗಿಟಾರ್ ಸೌಂಡ್ ಅದರ ಒಳಗೆ ಹಾಯೋದೇ ಇಲ್ಲ.

ಈಗಾಗಲೇ 25ಕೆ ತಗೊಂಡು ಕೂತಿರೋರು ಅದನ್ನ ಎಸೆಯಬೇಡಿ. ಗಿಟಾರ್‌ಗೂ ಅದಕ್ಕೂ ಮಧ್ಯೆ ಒಂದು ಬಫರ್ (ಪಿಕಪ್ ಮೇಲೆ ಲೋಡ್ ಬೀಳದ ಹಾಗೆ ಸಿಗ್ನಲ್ ಗಟ್ಟಿ ಮಾಡೋ ಸರ್ಕ್ಯೂಟ್) ಇರೋ ಪೆಡಲ್ ಹಾಕಿ, ಬಾಸ್ ಟಿಯು-3 ಟ್ಯೂನರ್ ಆದರೂ ನಡೆಯುತ್ತೆ, ಆಫ್ ಇದ್ದಾಗಲೂ ಅದರ ಬಫರ್ ಕೆಲಸ ಮಾಡುತ್ತೆ. ಟ್ರೂ ಬೈಪಾಸ್ ಪೆಡಲ್ (ಆಫ್ ಇದ್ದಾಗ ಸಿಗ್ನಲ್ ಬಫರ್ ಇಲ್ಲದೆ ನೇರ ಹಾಯೋದು) ಆಫ್ ಮಾಡಿದ ಕೂಡಲೇ ಮತ್ತೆ ಮಂಕು ಬರುತ್ತೆ, ಅದನ್ನ ನಂಬಿಕೊಳ್ಳಬೇಡಿ. ನಾನು ಈಗ ಗಿಟಾರ್, ಟ್ಯೂನರ್, ಓವರ್‌ಡ್ರೈವ್ (ಸೌಂಡ್ ಗರಗರ ಮಾಡೋದು), ಆಮೇಲೆ ವಾಲ್ಯೂಮ್, ಕೊನೆಗೆ ಡಿಲೇ (ಪ್ರತಿಧ್ವನಿ ಕೊಡೋದು) ಅಂತ ಇಟ್ಟುಕೊಂಡಿದೀನಿ. ಹೀಗಿದ್ದರೆ ವಾಲ್ಯೂಮ್ ಇಳಿಸಿದಾಗ ಡ್ರೈವ್ ಬದಲಾಗಲ್ಲ, ಡಿಲೇ ಬಾಲವೂ ಕಟ್ ಆಗಲ್ಲ.

ಅಡಾಪ್ಟರ್ ವಿಷಯದಲ್ಲೂ ಹುಷಾರು. ಅದೇ ಅಂಗಡಿಯಲ್ಲಿ ನಮ್ಮ ಬೇಸ್ ಗಿಟಾರ್ ನುಡಿಸೋ ಹುಡುಗನಿಗೆ ಪೆಡಲ್ ಜೊತೆ ಕೀಬೋರ್ಡ್ ಅಡಾಪ್ಟರ್ ಕೊಟ್ಟು ಕಳಿಸಿದರು. ಗಣೇಶನ ಪ್ರೋಗ್ರಾಂ ದಿನ ಸ್ಟೇಜ್ ಮೇಲೆ ಹಾಕಿದಾಗ ಸುಟ್ಟ ವಾಸನೆ ಬಂದು ಪೆಡಲ್ ಸತ್ತೇ ಹೋಯ್ತು. ಗಿಟಾರ್ ಪೆಡಲ್ ಬಹುತೇಕ ಎಲ್ಲಾ 9 ವೋಲ್ಟ್, ಪಿನ್ ಒಳಭಾಗ ಮೈನಸ್. ಯಮಹಾ ಪಿಎಸ್‌ಆರ್ ಕೀಬೋರ್ಡ್‌ಗಳ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ಒಳಭಾಗ ಪ್ಲಸ್. ಪಿನ್ ಎಷ್ಟೋ ಸಲ ಸರಿಯಾಗಿ ಕೂತುಬಿಡುತ್ತೆ, ಅದೇ ಅಪಾಯ. ಅಡಾಪ್ಟರ್ ಮೇಲಿನ ಪ್ಲಸ್ ಮೈನಸ್ ಚಿತ್ರವನ್ನ ಪೆಡಲ್ ಮೇಲಿನದ್ದಕ್ಕೆ ತಾಳೆ ನೋಡಿ ಆಮೇಲೆ ಹಾಕಿ.

ಪೆಡಲ್ ಕೊಳ್ಳೋಕೆ ಹೋಗುವಾಗ ನಿಮ್ಮ ಗಿಟಾರ್, ನಿಮ್ಮ ಕೇಬಲ್ ತಗೊಂಡೇ ಹೋಗಿ. ಪೆಡಲ್ ಇಲ್ಲದೆ ಒಮ್ಮೆ, ಹಾಕಿ ಪೂರ್ತಿ ಒತ್ತಿ ಒಮ್ಮೆ ನುಡಿಸಿ ನೋಡಿ. ಬಿಲ್ ಮೇಲೆ ಮಾಡೆಲ್ ನಂಬರ್ ಪೂರ್ತಿ ಬರೆಸಿಕೊಳ್ಳಿ, ಗಿಟಾರ್‌ಗೆ ಅಂತಾನೂ ಬರೆಸಿ. ನನಗೆ ಕೊಟ್ಟ ಬಿಲ್‌ನಲ್ಲಿ "ವಾಲ್ಯೂಮ್ ಪೆಡಲ್ 1" ಅಂತ ಮಾತ್ರ ಇತ್ತು, "ನೀವು ಕೇಳಿದ್ದನ್ನೇ ಕೊಟ್ಟಿದೀವಿ" ಅಂತ ಅದನ್ನೇ ತೋರಿಸಿ ವಾಪಸ್ ಕಳಿಸಿದರು.