ಬ್ಯಾಂಕಾಕ್‌ನಲ್ಲಿ ಯಾರಾದರೂ "ಅರಮನೆ ಇವತ್ತು ಮುಚ್ಚಿದೆ" ಅಂದರೆ ನಂಬಬೇಡಿ

ಅಪ್ಪ ಅಮ್ಮನನ್ನು ಕರೆದುಕೊಂಡು ಥಾಯ್ಲೆಂಡ್‌ಗೆ ಹೊರಟಿದ್ದೀರಾ? ಹಾಗಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ಯಾಂಕಾಕ್‌ನ ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ಯಾರಾದರೂ ಬಂದು ಅರಮನೆ ಮುಚ್ಚಿದೆ ಅಂದರೆ ನಿಲ್ಲಬೇಡಿ, ಮಾತಾಡಬೇಡಿ, ಸೀದಾ ಗೇಟಿಗೆ ಹೋಗಿ. ನಮ್ಮಮ್ಮನ ಪೆನ್ಷನ್ ದುಡ್ಡಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ ಹೋಗಿದೆ. ದುಡ್ಡು ಹೋಗಿದ್ದು ಒಂದು ಕಡೆ. ಅವರು ಅಮ್ಮನ ಭಕ್ತಿಯನ್ನೇ ಹಿಡಿದುಕೊಂಡು ಮೋಸ ಮಾಡಿದರಲ್ಲ, ಅದಕ್ಕೆ ನನಗೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ಥಾ ಚಾಂಗ್ ದೋಣಿಕಟ್ಟೆಯಲ್ಲಿ ಇಳಿದು ಅರಮನೆಯ ಬಿಳಿ ಗೋಡೆ ಪಕ್ಕ ನಡೆಯುತ್ತಿದ್ದೆವು. ಇಡೀ ಪ್ರವಾಸದಲ್ಲಿ ಅಮ್ಮ ಕೇಳಿದ್ದು ಒಂದೇ. ಅಲ್ಲಿ ಪಚ್ಚೆ ಬುದ್ಧನ ಗುಡಿಯ ಸುತ್ತ ಪೌಳಿಯ ಗೋಡೆ ಮೇಲೆ ಅವರ ರಾಮಾಯಣವನ್ನು, ರಾಮಕಿಯೆನ್ ಅಂತಾರೆ, 178 ಚಿತ್ರಗಳಲ್ಲಿ ಬರೆದಿದ್ದಾರೆ. ಅದನ್ನು ನೋಡಬೇಕು. ಅಮ್ಮ ಸಾಗರದವಳು, ರಾತ್ರಿಯಿಡೀ ಯಕ್ಷಗಾನ ನೋಡಿಕೊಂಡು ಬೆಳೆದವಳು.

ಆಗ ಎದುರಿಗೆ ಬಂದ ಆ ಮನುಷ್ಯ. ಇಸ್ತ್ರಿ ಹಾಕಿದ ಅಂಗಿ, ಕುತ್ತಿಗೆಯಲ್ಲಿ ಬ್ಯಾಡ್ಜ್. "ನಮಸ್ತೆ, ಇಂಡಿಯಾ?" ಅಂತ ಅಮ್ಮನಿಗೇ ಕೈ ಮುಗಿದ. ಒಳಗೆ ಭಿಕ್ಷುಗಳ ಪೂಜೆ ನಡೀತಿದೆ, ಮಧ್ಯಾಹ್ನ ಒಂದೂವರೆವರೆಗೆ ವಿದೇಶಿಯರನ್ನು ಬಿಡಲ್ಲ ಅಂದ. "ಅಮ್ಮನಿಗೆ ವಯಸ್ಸಾಗಿದೆ, ಬಿಸಿಲಲ್ಲಿ ಯಾಕೆ ನಿಲ್ಲಿಸ್ತೀರಿ?" ಅಂದ. ನನ್ನ ಕೈಯಲ್ಲಿದ್ದ ಮ್ಯಾಪ್ ತೆಗೆದುಕೊಂಡು ಪೆನ್ನಲ್ಲಿ ಮೂರು ಕಡೆ ಗುಂಡು ಹಾಕಿದ. ಹಳದಿ ನಂಬರ್ ಪ್ಲೇಟ್ ಟುಕ್‌ಟುಕ್ ಸರ್ಕಾರದ್ದು, 40 ಬಾತ್‌ಗೆ ಮೂರೂ ಕಡೆ ಕರ್ಕೊಂಡು ಹೋಗ್ತಾನೆ ಅಂದ. ಅಷ್ಟರಲ್ಲಿ ಟುಕ್‌ಟುಕ್ ಬಂದೂ ನಿಂತಿತ್ತು. ಬಿಸಿಲಿಗೆ ಅಮ್ಮನ ಮುಖ ಕೆಂಪಾಗಿತ್ತು. ಹತ್ತಿದೆವು.

ಮೊದಲು ವಾಟ್ ಇಂತರಾವಿಹಾನ್‌ಗೆ ಹೋದ. ಅಲ್ಲಿ 32 ಮೀಟರ್ ಎತ್ತರದ ನಿಂತ ಬುದ್ಧ, ಮೈಮೇಲೆಲ್ಲ ಚಿನ್ನದ ಬಣ್ಣದ ಹರಳು. ನಿಜವಾಗಿಯೂ ಚೆನ್ನಾಗಿದೆ, ಗುಡಿಯವರದೇನೂ ತಪ್ಪಿಲ್ಲ. ಆದರೆ ಎರಡನೆಯವನು ಕಾಯುತ್ತಿದ್ದದ್ದು ಅಲ್ಲೇ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾ ಕೂತಿದ್ದ. ನಾವು ಕೇಳದೇ ಇದ್ದರೂ ಮಾತಿಗೆ ಬಂದ. ಮಗಳ ಮದುವೆಗೆ ಮಾಣಿಕ್ಯ ತಗೊಂಡೆ, ವರ್ಷಕ್ಕೊಂದು ಸಲ ಸರ್ಕಾರ ತೆರಿಗೆ ಇಲ್ಲದೆ ಮಾರುತ್ತೆ, ಇವತ್ತೇ ಕೊನೆ ಅಂದ. ನೋಡಿ, ಇವನಿಗೂ ಗೇಟಿನ ಹತ್ತಿರ ಸಿಕ್ಕವನಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತೆ? ಟುಕ್‌ಟುಕ್‌ನವನೂ ಅದನ್ನೇ ಹೇಳಿದ. ಇಬ್ಬರದೂ ಒಂದೇ ಮಾತು. ಊರಿನ ಜೋಯಿಸರು ಅಮ್ಮನಿಗೆ ಸೂರ್ಯನ ಬಲಕ್ಕೆ ಮಾಣಿಕ್ಯ ಹಾಕಿಕೊಳ್ಳಿ ಅಂತ ಯಾವತ್ತೋ ಹೇಳಿದ್ದರು. ಅಮ್ಮ ನನ್ನ ಮುಖ ನೋಡಿದಳು.

ಅಂಗಡಿಯಲ್ಲಿ ಏಸಿ, ತಣ್ಣೀರು, ಅಮ್ಮನಿಗೆ ಕುರ್ಚಿ. ಕಲ್ಲಿನ ಜೊತೆ ಸರ್ಟಿಫಿಕೇಟ್, ಅದೂ ಅವರದೇ ಅಂಗಡಿಯಲ್ಲಿ ಅಚ್ಚು ಹಾಕಿದ್ದು. 38,000 ಬಾತ್, ಅಂದರೆ ನಮ್ಮ ದುಡ್ಡಲ್ಲಿ ಆ ಹತ್ತಿರ ಹತ್ತಿರ ಒಂದು ಲಕ್ಷ. ಕಾರ್ಡ್ ಉಜ್ಜಿದ ಮೇಲೆ ಡಬ್ಬಿಗೆ ಸೀಲ್ ಹಾಕಿ ಕೊಟ್ಟರು. ಊರು ಮುಟ್ಟುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ಏರ್‌ಪೋರ್ಟ್‌ನಲ್ಲಿ ತೆರಿಗೆ ಕೇಳ್ತಾರೆ ಅಂದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಮಾರನೇ ದಿನ ಬೆಳಗ್ಗೆ ಮತ್ತೆ ಅರಮನೆಗೆ ಹೋದೆವು. ಗೇಟ್ ಹತ್ತಿರ ಮೈಕಿನಲ್ಲಿ ಹೇಳುತ್ತಲೇ ಇದ್ದಾರೆ: ಹೊರಗಡೆ ಅಪರಿಚಿತರ ಮಾತು ನಂಬಬೇಡಿ. ಹೇಳುತ್ತಲೇ ಇದ್ದಾರೆ! 500 ಬಾತ್‌ನ ಟಿಕೆಟ್ ತಗೊಳ್ಳುವಾಗ ಕೌಂಟರಿನ ಹುಡುಗಿಯನ್ನು ಕೇಳಿದೆ, ನಿನ್ನೆ ಬೆಳಗ್ಗೆ ಮುಚ್ಚಿತ್ತಾ ಅಂತ. "ಇಲ್ಲ, ನಿನ್ನೆಯೂ ಎಂಟೂವರೆಗೇ ತೆರೆದಿತ್ತು" ಅಂದಳು. ದಿನಾ ಇದೇ ಪ್ರಶ್ನೆಗೆ ಉತ್ತರ ಕೊಡುವವರ ಹಾಗೆ, ತಲೆ ಎತ್ತದೇ ಹೇಳಿದಳು. ನನ್ನ ಕಿವಿ ಬಿಸಿಯಾಯಿತು. ಹಿಂದೆ ಕ್ಯೂನಲ್ಲಿ ಜನ. ಪಕ್ಕದಲ್ಲಿ ಅಮ್ಮ ಬ್ಯಾಗಿನೊಳಗೆ ಕೈ ಹಾಕಿ, ಟವೆಲ್ ಕೆಳಗಿದ್ದ ಆ ಡಬ್ಬಿಯನ್ನು ಮುಟ್ಟಿ ನೋಡಿಕೊಂಡಳು.

ಒಳಗೆ ಹನುಮಂತ ಬೆಟ್ಟದಷ್ಟು ದೊಡ್ಡವನಾಗಿ ರಾಮನ ಬಿಡಾರವನ್ನೇ ಬಾಯಲ್ಲಿಟ್ಟುಕೊಂಡು ಕಾಯುವ ಚಿತ್ರ ಇದೆ. ಅಮ್ಮ ನೋಡಿದ ಕೂಡಲೇ ಮೈರಾವಣ ಕಾಳಗದ ಪ್ರಸಂಗ ಅಂತ ಗುರುತು ಹಿಡಿದಳು. ನಮ್ಮ ಕಡೆ ಬಾಲದ ಕೋಟೆ ಕಟ್ಟುತ್ತಾನೆ, ಇಲ್ಲಿ ಬಾಯಿ. ಸ್ವಲ್ಪ ಹೊತ್ತು ಬಿಟ್ಟು, "ಮೈರಾವಣ ಒಳಗೆ ಬಂದದ್ದು ವಿಭೀಷಣನ ವೇಷದಲ್ಲಿ ಅಲ್ವಾ ಪುಟ್ಟಿ, ನಿನ್ನೆ ಆ ಮನುಷ್ಯ ಕೈ ಮುಗಿದ ಹಾಗೆ" ಅಂದಳು. ಆಮೇಲೆ ಚಿತ್ರಗಳನ್ನು ನೋಡಲೇ ಇಲ್ಲ. ಸಾಕು ಹೋಗೋಣ ಅಂದಳು. ಅಷ್ಟು ಆಸೆಪಟ್ಟು ಬಂದವಳು.

ಅಲ್ಲಿಂದ ಸೀದಾ ಅಂಗಡಿಗೆ. ನಿನ್ನೆ ನಗುನಗುತ್ತಾ ನೀರು ಕೊಟ್ಟವಳು ಇವತ್ತು ನಮ್ಮ ಗುರುತೇ ಇಲ್ಲದ ಹಾಗೆ ಮಾಡಿದಳು. ಬಾಸ್ ಇಲ್ಲ ಅಂದಳು. ಸರ್ಕಾರದ ಮಾರಾಟ ಅಂದಿರಲ್ಲ ಅಂದರೆ, "ನಾವು ಹೇಳಿಲ್ಲ, ಟುಕ್‌ಟುಕ್‌ನವನು ಹೇಳಿರಬಹುದು." ದುಡ್ಡು ವಾಪಸ್? "ಬದಲಿಗೆ ಬೇರೆ ಕಲ್ಲು ತಗೊಳ್ಳಿ." ಮಧ್ಯಾಹ್ನ ಥಾಯ್ಲೆಂಡ್‌ನ ದಕ್ಷಿಣದ ಕಡಲೂರು ಕ್ರಾಬಿಗೆ ವಿಮಾನ ಇತ್ತು. ಅದು ಅವರಿಗೂ ಗೊತ್ತು, ಹಿಂದಿನ ದಿನ ನಾವೇ ಮಾತಿಗೆ ಮಾತು ಬಂದು ಹೇಳಿದ್ದೆವು. ಸುಮ್ನೆ ಗಂಟೆ ನೋಡಿಕೊಂಡು ನಮ್ಮನ್ನು ಕೂರಿಸಿದರು.

ಕ್ರಾಬಿಯ ಆವ್ ನಾಂಗ್ ಬೀಚಿನಲ್ಲಿ, ಉದ್ದ ದೋಣಿ ಹಿಡಿದು ಹೋದ ರೈಲೇಯಲ್ಲಿ, ಎಲ್ಲಿ ಹೋದರೂ ನನ್ನ ಕೈಯಲ್ಲಿ ಫೋನು. ಮೆಸೇಜ್ ಹಾಕಿದರೆ ಒಂದೇ ಉತ್ತರ: "ಡಿಯರ್ ಮೇಡಂ, ಖುದ್ದಾಗಿ ಬನ್ನಿ." ಅಂಥ ಸಮುದ್ರದ ಮುಂದೆ ಅಮ್ಮ ಮರದ ನೆರಳಲ್ಲಿ ಬ್ಯಾಗ್ ತಬ್ಬಿಕೊಂಡು ಕೂತಿದ್ದಳು.

ಬೆಂಗಳೂರಿಗೆ ಬಂದು ಪರಿಚಯದ ರತ್ನದ ವ್ಯಾಪಾರಿಗೆ ತೋರಿಸಿದೆವು. ಅವರು ಲೆನ್ಸ್ ಹಿಡಿದು ನನಗೂ ತೋರಿಸಿದರು. ಕಲ್ಲನ್ನು ಸ್ವಲ್ಪ ತಿರುಗಿಸಿದರೆ ಕೆಂಪಿನೊಳಗೆ ನೀಲಿ ಮಿಂಚು, ಸಣ್ಣ ಸಣ್ಣ ಗುಳ್ಳೆ. ಕಳಪೆ ಮಾಣಿಕ್ಯದ ಬಿರುಕುಗಳಿಗೆ ಸೀಸದ ಗಾಜು ತುಂಬಿದ್ದು. ನಿಂಬೆರಸ ತಾಗಿದರೂ ಆ ಗಾಜು ಹಾಳಾಗುತ್ತಂತೆ. ಲ್ಯಾಬ್ ರಿಪೋರ್ಟೂ ಅದನ್ನೇ ಹೇಳಿತು. ಅದನ್ನು ಕಳಿಸಿದರೆ ಅಂಗಡಿಯವರ ಉತ್ತರ: "ಎಲ್ಲ ಮಾಣಿಕ್ಯವನ್ನೂ ಕಾಯಿಸುತ್ತಾರೆ, ನಿಮ್ಮ ಲ್ಯಾಬಿಗೆ ಗೊತ್ತಿಲ್ಲ." ಕಾಯಿಸಿ ಬಣ್ಣ ಚೆನ್ನಾಗಿ ಬರಿಸುವುದು ವ್ಯಾಪಾರದಲ್ಲಿ ಎಲ್ಲರೂ ಒಪ್ಪಿದ್ದೇ. ಗಾಜು ತುಂಬಿ, ಅದನ್ನು ಹೇಳದೆ, ಒಳ್ಳೆ ಮಾಣಿಕ್ಯದ ಬೆಲೆಗೆ ಮಾರುವುದು ಮೋಸ. ಇದನ್ನು ಬರೆದರೆ ಮುಂದಿನ ಉತ್ತರ ಏನು ಗೊತ್ತಾ? "ಸೀಲ್ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ." ಸೀಲ್ ಒಡೆಯದೆ ಪರೀಕ್ಷೆ ಮಾಡಿಸುವುದು ಹೇಗೆ? ಅದಕ್ಕೇ ಹಾಕಿದ್ದು ಆ ಸೀಲ್! ಬ್ಯಾಂಕಿನವರು ಪಿನ್ ನೀವೇ ಒತ್ತಿದ್ದೀರಿ ಅಂತ ಕೈ ತೊಳೆದುಕೊಂಡರು.

ಆದ್ದರಿಂದ, ರಾಜಮನೆತನದ ಕಾರ್ಯಕ್ರಮಕ್ಕೆ ಅರಮನೆ ಮುಚ್ಚುವುದಿದ್ದರೆ ಅವರ ಅಧಿಕೃತ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಬೀದಿಯಲ್ಲಿ ನಿಂತು ಯಾರೂ ಹೇಳಲ್ಲ. 40 ಬಾತ್‌ಗೆ ಊರು ಸುತ್ತಿಸುವ ಟುಕ್‌ಟುಕ್ ಹತ್ತಬೇಡಿ, ಕಮಿಷನ್ ಇಲ್ಲದೆ ಆ ರೇಟಿಗೆ ಯಾರಿಗೂ ಗಿಟ್ಟಲ್ಲ. ಮೋಸ ಆಯಿತು ಅನ್ನಿಸಿದರೆ ಅಲ್ಲಿರುವಾಗಲೇ ಪ್ರವಾಸಿ ಪೊಲೀಸರಿಗೆ 1155ಕ್ಕೆ ಫೋನ್ ಮಾಡಿ. ವಿಮಾನ ತಪ್ಪಿದರೂ ಪರವಾಗಿಲ್ಲ. ಕಲ್ಲು ಕೊಳ್ಳಲೇಬೇಕು ಅನ್ನುವವರಿಗೆ ಬ್ಯಾಂಕಾಕ್‌ನ ಸೀಲೊಂನಲ್ಲಿ ಜಿಐಟಿ ಅನ್ನುವ ಸರ್ಕಾರಿ ರತ್ನ ಪರೀಕ್ಷಾ ಸಂಸ್ಥೆ ಇದೆ. ನನ್ನ ಕೇಳಿದರೆ ಕೊಳ್ಳಲೇಬೇಡಿ.

ಬಿಲ್ಲು, ರಿಪೋರ್ಟು, ಅವರ ಮೆಸೇಜು ಎಲ್ಲ ಇಟ್ಟುಕೊಂಡಿದ್ದೇನೆ. ಬ್ಯಾಂಕಿಗೆ ಮತ್ತೆ ದೂರು ಬರೆದಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿ ದುಡ್ಡು ವಾಪಸ್ ಸಿಕ್ಕಿದ್ದರೆ, ಯಾರಿಗೆ ಬರೆದಿರಿ, ಏನು ಬರೆದಿರಿ, ದಯವಿಟ್ಟು ತಿಳಿಸಿ.