ಖಿನ್ನತೆಗೆ ಮೊದಲ ನೆರವು: ನೇರ ಅನುವಾದವೋ, ಮಲೆನಾಡಿಗೆ ಹೊಂದಿಸಿದ್ದೋ?

ಮನಸ್ಸು ಕುಗ್ಗಿದವರಿಗೆ ವೈದ್ಯರ ನೆರವು ಸಿಗುವವರೆಗೆ ಆಸರೆಯಾಗುವುದನ್ನು ಕಲಿಸುವ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆಯ ತರಬೇತಿ ಶುರುವಾದದ್ದು 2000ರಲ್ಲಿ, ಆಸ್ಟ್ರೇಲಿಯಾದಲ್ಲಿ. ಅದನ್ನು ತೀರ್ಥಹಳ್ಳಿ ಕಡೆಯ ಸ್ವಸಹಾಯ ಸಂಘಕ್ಕೆ ಕೊಡಿಸುವವರ ಮುಂದೆ ಎರಡು ದಾರಿ: ಪಾಠವನ್ನು ಹಾಗೇ ಕನ್ನಡಕ್ಕೆ ಅನುವಾದಿಸುವುದು, ಇಲ್ಲವೇ ಇಲ್ಲಿನ ಬದುಕಿಗೆ ಹೊಂದಿಸುವುದು.

ನೇರ ಅನುವಾದ ಬೇಗ ಮುಗಿಯುತ್ತದೆ. ಆದರೆ "ನಿಮಗೆ ಖಿನ್ನತೆಯಾ?" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೊಂದಿಸಿದ ಪಾಠ ಮೈಯಿಂದ ಶುರುಮಾಡುತ್ತದೆ: "ಅಕ್ಕಾ, ಊಟ ಸೇರ್ತಾ ಇದ್ಯಾ? ನಿದ್ದೆ ಬರುತ್ತಾ?" ಸುಸ್ತು, ತಲೆನೋವು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ವೈದ್ಯರ ಹತ್ತಿರ ಕರೆದೊಯ್ಯಿರಿ.

ಅನುವಾದ ಖಾಸಗಿ ಕೋಣೆ ಬೇಕೆನ್ನುತ್ತದೆ. ಜಗಲಿಯಲ್ಲಿ ಮಾವ ಕೂತಿರುವ ಮನೆಯಲ್ಲಿ ಅದೆಲ್ಲಿ? ತೋಟಕ್ಕೆ ಹೋಗುವಾಗ ಜೊತೆಗೆ ನಡೆಯುತ್ತಾ ಮಾತಾಡುವುದೇ ವಾಸಿ. ಮನೆಯವರನ್ನು ಸೇರಿಸಿಕೊಳ್ಳಿ, ಆಕೆ ಒಪ್ಪಿದ ಮೇಲೆ, ಆಕೆ ಹೇಳಿದವರನ್ನೇ.

ಹೊಂದಿಸುವುದೇ ಸರಿ. ಒಂದು ಪ್ರಶ್ನೆಯನ್ನು ಮಾತ್ರ ಮೆದುಮಾಡಬೇಡಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ತಪ್ಪು. ಹೌದೆಂದರೆ ಒಂಟಿಯಾಗಿ ಬಿಡಬೇಡಿ. ಕೊಟ್ಟಿಗೆಯ ಕಳೆನಾಶಕ, ಬೆಳೆ ಕಾಯುವ ಕೋವಿ ಬೇರೆಯವರ ವಶಕ್ಕೆ ಹೋಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ಉಂಟು; ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ. ಮಳೆಗಾಲದಲ್ಲಿ ಸಿಗ್ನಲ್ ಹೋಗುವ ಊರಾದರೆ ಆಶಾ ಕಾರ್ಯಕರ್ತೆಯ ಮನೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವ ಬಸ್ಸಿನ ಹೊತ್ತು ಇವನ್ನೂ ಅದೇ ಚೀಟಿಯಲ್ಲಿ ಬರೆದುಕೊಡಿ.